ಡ್ರೈಯರ್ ಜ್ವರ

ಕೆಂಡದಂಥ ಜ್ವರ ಬಂದ ಹುಡುಗಿ ಕಾಂಪೌಂಡ್ ಗೋಡೆಯ ಮೇಲೆ ಕುಳಿತು ಐಸ್‌ಕ್ಯಾಂಡಿ ಚೀಪುತ್ತಿದ್ದಳು. ತಲೆಯೆತ್ತಿ ನೋಡಿದರೆ ಮನೆಪಾಠದ ಲೆಕ್ಕದ ಮೇಷ್ಟ್ರು ಎದುರಿಗೇ ಪ್ರತ್ಯಕ್ಷ.

ಹುಡುಗಿ ಸಣಕಲಿ, ಎಲ್ಲರಿಗೂ ಅವಳು ಕಡ್ಡಿ. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಒಂದೇ ಕುರ್ಚಿಯ ಪಾರ್ಲರ್. ಅವತ್ತು ಭಾಗಾಕಾರದಿಂದ ಪಾರಾಗಲು ಕಡ್ಡಿ ಅಲ್ಲಿನ ಹಳೆಯ ಹೇರ್ ಡ್ರೈಯರನ್ನು ಒಳಗೊಯ್ದು ಹಣೆಗೆ ಹಿಡಿದುಕೊಂಡಿದ್ದಳು. ಗಿರಾಕಿಯ ಕೂದಲಲ್ಲಿ ಮುಳುಗಿದ್ದ ಅಮ್ಮ ಮುಂಗೈಯಿಂದ ಹಣೆ ಮುಟ್ಟಿ, "ಅಯ್ಯೋ, ಸುಡ್ತಾ ಇದೆ. ಹೋಗಿ ಮಲಗು," ಎಂದವಳೇ ಮೇಷ್ಟ್ರಿಗೆ ಬರಬೇಡಿ ಎಂದು ಮೆಸೇಜ್ ಹಾಕಿದ್ದಳು.

ಮೇಷ್ಟ್ರು ಆಗಲೇ ಬಸ್ಸಿನಲ್ಲಿದ್ದರು. ಅಂಥ ನೂಕುನುಗ್ಗಲಿನಲ್ಲಿ ಜೇಬಿಗೆ ಕೈ ಹಾಕುವವರು ಕಳ್ಳರು ಮಾತ್ರ.

ಈಗ ಗೋಡೆಯ ಬುಡದಲ್ಲಿ ನಿಂತು ಅವರು ಫೋನ್ ತೆಗೆದರು. ಮೆಸೇಜ್ ಓದಿದರು. ಕಡ್ಡಿಯನ್ನು ನೋಡಿದರು, ಕ್ಯಾಂಡಿಯನ್ನು ನೋಡಿದರು. "ಕರಗ್ತಾ ಇದೆ, ಬೇಗ ತಿನ್ನು," ಎಂದು ಹೇಳಿ ಬಸ್ ಸ್ಟಾಪಿನ ಕಡೆ ಇಳಿದು ಹೋದರು.

ಬೈದಿದ್ದರೆ ವಾಸಿಯಿತ್ತು.

ಮುಂದಿನ ಪಾಠ ಮುಗಿದಾಗ ಮೇಷ್ಟ್ರು ಪಾರ್ಲರಿನ ಬಾಗಿಲಲ್ಲಿ ನಿಂತು ತಪ್ಪಿದ ಪಾಠದ ಫೀಸು ಕೇಳಿದರು. ಹಿಂದಿನ ದಿನವೇ ತಿಳಿಸದೆ ಪಾಠ ತಪ್ಪಿಸಿದರೆ ಫೀಸು ಕೊಡಬೇಕೆಂಬುದು ಶುರುವಿನಲ್ಲೇ ಆದ ಮಾತು. ಆಗ ಅಮ್ಮ ಹೂಂಗುಟ್ಟಿದ್ದಳು. ಹೂಂಗುಟ್ಟುವುದಕ್ಕೇನು ಖರ್ಚು?

ಈಗ ಬಟ್ಟಲಿನಲ್ಲಿ ಕಡುಗೆಂಪು ಹೇರ್ ಕಲರ್ ಕಲೆಸುತ್ತಾ, "ಮಾಡದ ಪಾಠಕ್ಕೆ ಯಾವ ಫೀಸ್ ಸಾರ್? ಮಗು ಜ್ವರದಲ್ಲಿ ನರಳ್ತಾ ಇತ್ತು," ಎಂದಳು.

ಕಡ್ಡಿ ಒಳಬಾಗಿಲಿಗೆ ಅಂಟಿಕೊಂಡಳು. ಮೇಷ್ಟ್ರು ಬಾಯಿ ಬಿಟ್ಟರೆ ಅವಳ ಕಥೆ ಮುಗಿಯಿತು. ಮೇಷ್ಟ್ರು ಮಾತ್ರ ಸೂರು ನೋಡುತ್ತಾ ನಿಂತರು.

ಅಷ್ಟರಲ್ಲಿ ಅಮ್ಮನ ಫೋನ್ ಬಡಿದುಕೊಂಡಿತು. ಕಲರ್ ಹಾಕಿಸಿಕೊಳ್ಳಬೇಕಿದ್ದ ಗಿರಾಕಿ. ತಲೆನೋವಂತೆ, ಬರುವುದಿಲ್ಲವಂತೆ. "ಪರವಾಗಿಲ್ಲ ಮೇಡಂ, ರೆಸ್ಟ್ ತಗೊಳ್ಳಿ," ಎಂದು ಜೇನು ಸುರಿಸಿ ಫೋನಿಟ್ಟ ಅಮ್ಮ, ಮರುಕ್ಷಣವೇ ಆ ಮೇಡಮ್ಮಿನ ಏಳು ತಲೆಮಾರನ್ನು ಜಾಲಾಡತೊಡಗಿದಳು. ಇವಳಿಗೋಸ್ಕರ ಬೇರೆ ಗಿರಾಕಿಗಳನ್ನು ವಾಪಸ್ ಕಳಿಸಿದ್ದಾಯಿತು. ಕಲೆಸಿದ ಬಣ್ಣ ಎತ್ತಿಡಲು ಬರುವುದಿಲ್ಲ, ಇನ್ನು ಮೋರಿಯೇ ಗತಿ.

"ಅವಳ ಹತ್ರ ದುಡ್ಡು ವಸೂಲಿ ಮಾಡದೆ ಬಿಡ್ತೀನಾ ನಾನು?"

"ಬಿಡಬೇಡಿ," ಎಂದರು ಮೇಷ್ಟ್ರು.

ಅಮ್ಮ ಎತ್ತಿದ ಬ್ರಷ್ ಎತ್ತಿದಂತೆಯೇ ನಿಂತಳು. ಮುಖ ಬಟ್ಟಲಿನ ಬಣ್ಣಕ್ಕೆ ತಿರುಗಿತು.

"ಅದೇ ಬೇರೆ, ಇದೇ ಬೇರೆ ಸಾರ್. ಅವಳದು ಸುಳ್ಳು ತಲೆನೋವು. ನನ್ನ ಮಗಳದು ನಿಜವಾದ ಜ್ವರ. ನಾನೇ ಮುಟ್ಟಿ ನೋಡಿದೀನಿ."

ಮೇಷ್ಟ್ರು ಕಡ್ಡಿಯ ಕಡೆ ನೋಡಲಿಲ್ಲ. ಚೀಲದ ಜಿಪ್ ಎಳೆದರು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಎಳೆಯುತ್ತಲೇ ಇದ್ದರು.

ಅವರು ನೋಡಿದ್ದರೆ ಕಡ್ಡಿ ಮುಖ ತಿರುಗಿಸಿಬಿಡಬಹುದಿತ್ತು. ನೋಡದೇ ಇರುವವರ ಜೊತೆ ಏನು ಮಾಡುವುದು? ಅವಳು ಹೋಗಿ ಡ್ರೈಯರಿನ ಸ್ವಿಚ್ ಒತ್ತಿದಳು. ಅದು ಗುಯ್ಯೆಂದು ಊದುವಾಗ ಹಣೆಗೆ ಹಿಡಿದು ನಿಂತಳು. ಆಮೇಲೆ ಆರಿಸಿ ಹೇಳಿದಳು:

"ಅಮ್ಮ, ಈಗ ಮುಟ್ಟಿ ನೋಡು."

ಅಮ್ಮ ಮುಟ್ಟಿದಳು. ಕೈ ಹಣೆಯ ಮೇಲೆ ತುಂಬ ಹೊತ್ತು ಇತ್ತು. ಅಲ್ಲಿಂದ ಕಿವಿಗೆ ಇಳಿಯಿತು.

ಕಿವಿಯ ಕೆಲಸ ಮುಗಿಸಿ ಅಮ್ಮ ಮೇಷ್ಟ್ರಿಗೆ ಫೀಸು ಕೊಟ್ಟಳು. ಬಟ್ಟಲನ್ನೊಮ್ಮೆ, ಅವರ ನರೆತ ತಲೆಯನ್ನೊಮ್ಮೆ ನೋಡಿದಳು. "ಕೂತ್ಕೊಳ್ಳಿ ಸಾರ್. ಹೇಗೂ ಮೋರಿಗೆ ಹೋಗೋ ಬಣ್ಣ."

"ಮೋರಿಗಿಂತ ನನ್ನ ತಲೆ ವಾಸಿ ಅಂತೀರಾ?" ಎಂದ ಮೇಷ್ಟ್ರು ಕುರ್ಚಿಯಲ್ಲಿ ಕುಳಿತೇಬಿಟ್ಟರು.

ಮುಂದಿನ ವಾರ ಕಡ್ಡಿ ಮತ್ತೆ ಗೋಡೆಯ ಮೇಲಿದ್ದಳು, ಕೈಯಲ್ಲಿ ಕ್ಯಾಂಡಿ. ದೂರದ ಬಸ್ ಸ್ಟಾಪಿನಲ್ಲಿ ಒಂದು ಕೆಂಪು ತಲೆ ಇಳಿಯಿತು. ಈಗ ಅದನ್ನು ಕಣ್ಣು ಮಂಜಾದವರೂ ಗುರುತಿಸಬಹುದಿತ್ತು. ತಲೆ ಏರು ಹತ್ತಿತು. ನಡುವೆ ನಿಂತಿತು. ಚೀಲವನ್ನು ಕೈಯಿಂದ ಕೈಗೆ ಬದಲಿಸಿಕೊಂಡು ಮತ್ತೆ ಹೊರಟಿತು.

ಕ್ಯಾಂಡಿ ಪೂರ್ತಿ ಮುಗಿಯಿತು. ತಲೆ ಇನ್ನೂ ಅರ್ಧ ದಾರಿಯಲ್ಲೇ ಇತ್ತು.

ಕಡ್ಡಿ ಗೋಡೆಯಿಂದ ಧುಮುಕಿ, ಚೀಲ ಇಸಿದುಕೊಳ್ಳಲು ಇಳಿಜಾರಿನಲ್ಲಿ ಓಡಿದಳು.