ಗೋಣಿಯೊಳಗಿನ ಬಕೆಟ್ಟು

ಹೊಸ ಚಾವಣಿಯ ಕೆಳಗೆ ಅವನು ಮೊದಲು ಕಟ್ಟಿದ್ದು ಒಂದು ತಂತಿ. ಕೆಲಸದ ಬೆಂಚು ಇನ್ನೂ ಬಂದಿರಲಿಲ್ಲ, ಬಾಗಿಲಿಗೆ ಚಿಲಕವಿರಲಿಲ್ಲ. ಗೋಡೆಯಿಂದ ಗೋಡೆಗೆ ತಂತಿ ಎಳೆದು, ಬೆರಳಿನಿಂದ ಮೀಟಿ ನೋಡಿ, ಅವಳತ್ತ ತಿರುಗಿ ಸಣ್ಣಗೆ ನಕ್ಕ.

ಅವಳು ನಗಲಿಲ್ಲ. ನಕ್ಕರೆ ಕರಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

ಅವನು ಪಕ್ಕದ ಮಳಿಗೆಯಲ್ಲಿ ಕಿಟಕಿ ಮಾಡುವವನು. ಬೀದಿಗೆಲ್ಲ ಅವನು ‘ಕಿಟಕಿ’ಯೇ. ಅವಳಪ್ಪನ ಕುರ್ಚಿ ಮಾಡುವ ಮಳಿಗೆ ಸುಟ್ಟ ಮೇಲೆ ದಿನವೂ ಬಂದು, ಕೂಲಿಯ ಮಾತೆತ್ತದೆ ತೊಲೆ ಹೊತ್ತು, ಮಸಿ ಹಿಡಿದ ಗೋಡೆ ತೊಳೆದಿದ್ದ. ಅಪ್ಪ ಬಾಯ್ತುಂಬ ಹೊಗಳುತ್ತಿದ್ದರು. ಅವಳಿಗೆ ಮಾತ್ರ ಎರಡು ಸಂಗತಿಗಳು ಗಂಟಲಿನ ಮುಳ್ಳಾಗಿದ್ದವು. ನಡುಗೋಡೆ ಒಡೆದು ಎರಡೂ ಮಳಿಗೆ ಒಂದಾಗಿಸೋಣವೆಂದು ಬೆಂಕಿಗೆ ಮುಂಚೆ ತಡವರಿಸುತ್ತ ಕೇಳಿದ್ದವನು ಅವನೇ, ಅಪ್ಪ ಒಪ್ಪಿರಲಿಲ್ಲ. ಬೆಂಕಿ ಆರಿದ ಬೆಳಗ್ಗೆ ಬೂದಿಯೊಳಗಿಂದ ಏನನ್ನೋ ಗೋಣಿಯಲ್ಲಿ ಸುತ್ತಿ ಸಾಗಿಸಿದವನೂ ಅವನೇ. ಅದನ್ನವಳು ಕಣ್ಣಾರೆ ಕಂಡಿದ್ದಳು.

“ಬಟ್ಟೆ ಒಣಗಿಸೋಕೆ ಇದೇನು ಮನೆಯಾ?”

“ಎಣ್ಣೆ ಬಟ್ಟೆಗೆ. ಮುದ್ದೆ ಮಾಡಿ ಇಡಬೇಡಿ, ಹರಡಿ ಹಾಕಿ.”

“ಯಾಕೆ?”

“ಸುಮ್ನೆ,” ಎಂದು ಅವನು ಮೊಳೆ ಹುಡುಕುವವನಂತೆ ಬಗ್ಗಿದ. ಕಿವಿ ಕೆಂಪಾಗಿತ್ತು.

ಏನೂ ಬಚ್ಚಿಡದವನು ಹಾಗೆ ಬಗ್ಗುವುದಿಲ್ಲ. ಮಧ್ಯಾಹ್ನ ಅವನು ಮರ ಆರಿಸಲು ಹೊರಟೊಡನೆ ಅವಳು ಅವನ ಮಳಿಗೆ ಹೊಕ್ಕಳು. ಚೌಕಟ್ಟುಗಳ ಹಿಂದೆ ಆ ಗೋಣಿ ಸಿಕ್ಕಿತು.

ಒಳಗಿದ್ದದ್ದು ಅವಳದೇ ಬಕೆಟ್ಟು. ಅಪ್ಪನ ಕಾಲದ ಅರಗಿನ ಪಾಲಿಶ್ ಬಿಡಿಸಿ ಅಗಸೆ ಎಣ್ಣೆ ತಂದವಳು ಅವಳು. ಒರೆಸಿದ ಬಟ್ಟೆಗಳನ್ನು ಸಂಜೆ ಅದರಲ್ಲಿ ಒತ್ತಿ ತುಂಬಿ, ಜಾಗ ಅಚ್ಚುಕಟ್ಟಾಯಿತೆಂದು ಬೀಗುತ್ತಿದ್ದವಳೂ ಅವಳೇ. ತಗಡು ಒಳಗಿನಿಂದ ಬೆಂದು ತೂತಾಗಿತ್ತು. ತಳದಲ್ಲಿ ಇದ್ದಿಲಾದ ಬಟ್ಟೆಯ ಮುದ್ದೆ.

“ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ.” ಅಳತೆಪಟ್ಟಿ ಮರೆತು ಹಿಂದಿರುಗಿದ್ದ ಅವನು ಬಾಗಿಲಲ್ಲಿ ನಿಂತಿದ್ದ. “ಹರಡಿದ್ರೆ ಬಿಸಿ ಗಾಳಿಗೆ ಹೋಗುತ್ತೆ. ಮುದ್ದೆಯಾದ್ರೆ ಒಳಗೇ ಕೂತು ತಾನಾಗೇ ಹೊತ್ಕೊಳ್ಳುತ್ತೆ. ನಿಮಗೆ ಗೊತ್ತಿರ್ಲಿಲ್ಲ.”

“ನಾನು ನಿಮ್ಮನ್ನ ಅನುಮಾನಿಸ್ತಿದ್ದೆ.”

“ಬೀದಿಗೇ ಗೊತ್ತು. ಟೀ ಕೊಡುವಾಗ ನನ್ನ ಲೋಟ ಮಾತ್ರ ಕುಕ್ತೀರಲ್ಲ ನೀವು.”

“ಹೇಳಬಾರದಿತ್ತಾ?”

“ನನ್ನ ಮೇಲೆ ಸಿಟ್ಟಿದ್ರೆ ಕೆಲಸ ಮಾಡ್ತೀರಿ. ನಿಮ್ಮ ಮೇಲೇ ಸಿಟ್ಟಾದ್ರೆ ಮತ್ತೆ ಉಳಿ ಮುಟ್ತಿರ್ಲಿಲ್ಲ.”

ಅವಳು ಬಕೆಟ್ಟನ್ನು ತಾನೇ ಹೊತ್ತೊಯ್ದು ಅಪ್ಪನ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅಪ್ಪ ಬಹಳ ಹೊತ್ತು ಅದರ ತಳ ತಡವಿದರು. “ನಾನೂ ಇದರೊಳಗೇ ಬಟ್ಟೆ ಎಸೀತಿದ್ದೆನಲ್ಲಮ್ಮಾ,” ಎಂದಷ್ಟೇ ಹೇಳಿ, ಕುರ್ಚಿಯ ಕಾಲು ಕೆತ್ತಲು ಕೂತರು.

ಆ ಕುರ್ಚಿಗೆ ಎಣ್ಣೆ ಹಚ್ಚಿದ ಸಂಜೆ ಅವಳು ತಂತಿಯ ಬಳಿ ನಿಂತು ಕೇಳಿದಳು: “ನಡುಗೋಡೆ ಒಡೀಬೇಕು ಅಂದಿದ್ದು ಜಾಗಕ್ಕಾ?”

“ಜಾಗ ಕೇಳೋಕೆ ಯಾರಾದ್ರೂ ಅಷ್ಟೊಂದು ತಡವರಿಸ್ತಾರಾ?”

“ಹಾಗಾದ್ರೆ ಈ ಸಲ ಅಪ್ಪನಿಗಿಂತ ಮೊದಲು ನನ್ನ ಕೇಳಿ.”

ಅವನು ಕೇಳಿದ. ಅವಳು ಕೊನೆಯ ಬಟ್ಟೆಯ ಒಂದು ತುದಿಯನ್ನು ಅವನ ಕೈಗಿತ್ತಳು. ಇಬ್ಬರೂ ಹಿಡಿದು, ಒಂದು ಸುಕ್ಕೂ ಉಳಿಯದಂತೆ, ತಂತಿಯ ಮೇಲೆ ಹರಡಿದರು.