ಗೈಡು ವಾಲಿದ ದಿಕ್ಕು

ಕರೆಂಟು ಬಂತು. ಬಾಗಿಲು ಮುಚ್ಚಿದ್ದ ಸಾಮಿಲ್ಲಿನೊಳಗೆ ಗರಗಸ ತಾನಾಗಿ ತಿರುಗತೊಡಗಿತು.

ಹೊಸದುರ್ಗದ ಹೊಳಲ್ಕೆರೆ ರಸ್ತೆಗೆ ಆ ಸದ್ದು ಹೊಸದಲ್ಲ. ಆದರೆ ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಆ ಮಿಲ್ಲಿಗೆ ರಜ. ಮೇಸ್ತ್ರಿ ಮುದ್ದಣ್ಣ ಒಬ್ಬನೇ ಬಂದು ಮಿಷನ್ನಿಗೆ ಪೂಜೆ ಮಾಡಿ ಹೋಗುತ್ತಿದ್ದ. ಪೂಜೆಯಾದ ಮೇಲೆ ಮರುದಿನ ಬೆಳಗಾಗುವವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಗಂಡ ಊಟಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದ ಕೆಂಚಕ್ಕ ಬಾಗಿಲು ತಳ್ಳಿದಳು.

ಮುದ್ದಣ್ಣ ಗರಗಸದ ಮೇಜಿನ ಮುಂದೆ ಅಂಗಾತ ಬಿದ್ದಿದ್ದ. ಕಿವಿಯ ಮೇಲೆ ತಲೆ ಒಡೆದಿತ್ತು. ಪಕ್ಕದಲ್ಲಿ ಅರ್ಧ ಸೀಳಿದ ಹೊನ್ನೆ ಮರದ ಉದ್ದನೆಯ ರೀಪು, ಅದರ ತುದಿಗೆ ರಕ್ತ. ಮೇಲೆ ಗರಗಸ ಯಾರ ಹಂಗೂ ಇಲ್ಲದೆ ತಿರುಗುತ್ತಿತ್ತು.

ಕೆಂಚಕ್ಕ ಕಿರುಚಿದ್ದು ಎದುರಿನ ಟೀ ಅಂಗಡಿಗೆ ಕೇಳಿಸಲಿಲ್ಲ. ಸದ್ದು ಅಷ್ಟಿತ್ತು.

* * *

ಸಬ್‌ಇನ್‌ಸ್ಪೆಕ್ಟರ್ ಚಿತ್ರಲಿಂಗಪ್ಪ ಸಿಗರೇಟು ಬಿಟ್ಟು ವಾರವೂ ಆಗಿರಲಿಲ್ಲ. ಕೈ ಮತ್ತೆ ಮತ್ತೆ ಜೇಬಿಗೆ ಹೋಗುತ್ತಿತ್ತು, ಬರಿದಾಗಿ ವಾಪಸು ಬರುತ್ತಿತ್ತು. ಒಂದು ಕಡೆ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ.

"ಬರ್ರಿ ಸಾರ್, ಕುಂತ್ಕಳ್ರಿ," ಎಂದ ಮಾಲೀಕ ಶಿವಕುಮಾರಪ್ಪ. ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಮಿಲ್ಲಿನ ಆ ತುದಿಯಲ್ಲಿ, ಗರಗಸಕ್ಕೆ ಎದುರಾಗಿ ಹಾಕಿದ ಕುರ್ಚಿ. ಸೀಳಿದ ಮರ ಬಂದು ಬೀಳುವ ಕಡೆ. ಮರ ತಳ್ಳುವ ಮೇಸ್ತ್ರಿಯ ಮುಖ ಅಲ್ಲಿಂದ ನೇರವಾಗಿ ಕಾಣುತ್ತದೆ.

ಚಿತ್ರಲಿಂಗಪ್ಪ ಕುಳಿತ, ಎದ್ದ.

"ಹೇಳ್ರಿ."

"ಹೇಳಾದೇನೈತೆ ಸಾರ್? ಹೊಸ ಗೈಡು ಹಾಕ್ಸಿದ್ವಿ. ನಿನ್ನೆ ತಾನೆ ಹಿರಿಯೂರಿಂದ ಜುಂಜಣ್ಣ ಅಂಬ ಫಿಟ್ಟರ್ ಬಂದು ಕೂರ್ಸಿ ಹೋದ. ಇವನು ಪರೀಕ್ಷೆ ಮಾಡಾಣ ಅಂತ ಮರ ತಳ್ಳವನೆ. ಗೈಡು ಸೊಟ್ಟಗಿತ್ತು, ಮರ ಒದ್ದೈತೆ. ಮುಗೀತು."

"ನೀವೆಲ್ಲಿದ್ರಿ?"

"ಮನೇಲಿ. ಅಮಾಸೆ ಅಲ್ವರಾ?"

ಗೈಡು ಎಂದರೆ ಮೇಜಿನ ಮೇಲೆ ಗರಗಸದ ಬಲಕ್ಕೆ ಉದ್ದಕ್ಕೂ ಬಿಗಿದ ಕಬ್ಬಿಣದ ಪಟ್ಟಿ. ಮರವನ್ನು ಅದಕ್ಕೆ ಒತ್ತಿ ಹಿಡಿದು ತಳ್ಳಿದರೆ ಸೀಳು ನೆಟ್ಟಗೆ ಬರುತ್ತದೆ. ಚಿತ್ರಲಿಂಗಪ್ಪ ಬಗ್ಗಿ ನೋಡಿದ. ಪಟ್ಟಿ ಸೊಟ್ಟಗಿದ್ದದ್ದು ನಿಜ. ಕುರುಡನಿಗೂ ಕಾಣುವಷ್ಟು ಸೊಟ್ಟ.

ಹೊರಗೆ ಗದ್ದಲ. ಜನ ಜುಂಜಣ್ಣನನ್ನು ಬಸ್‌ಸ್ಟ್ಯಾಂಡಿನಿಂದ ಎಳೆದು ತಂದಿದ್ದರು. ಅವನ ಅಂಗಿಯ ಒಂದು ತೋಳು ಹರಿದು ನೇತಾಡುತ್ತಿತ್ತು.

"ಇವನೇ ಸಾರ್! ಕೊಲೆಗಡುಕ! ಹಿರಿಯೂರ್ ಬಸ್ ಹತ್ತಿದ್ದ!"

"ಹಿರಿಯೂರೋನು ಹಿರಿಯೂರ್ ಬಸ್ ಹತ್ತದೆ ಬೊಂಬಾಯಿ ಬಸ್ ಹತ್ತನೇನ್ರೋ?" ಎಂದ ಪೇದೆ ದುರುಗಣ್ಣ. "ಬಿಡ್ರಲೇ ಅತ್ಲಾಗೆ."

ದುರುಗಣ್ಣ ಚಿತ್ರಲಿಂಗಪ್ಪನ ಕಿವಿಯ ಬಳಿ ಬಂದ. "ಸಂಜೀಗೆ ದುರ್ಗದಿಂದ ಸರ್ಕಲ್ ಸಾಹೇಬ್ರು ಬರ್ತಾರಂತೆ ಸಾರ್. ಫಿಟ್ಟರನ್ನ ಜೀಪಿಗೆ ಹಾಕ್ಕಂಡು ಹೋಗ್ತಾರಂತೆ. ಕೇಸು ರೆಡಿ ಐತೆ ಅಂದ್ರು."

ಚಿತ್ರಲಿಂಗಪ್ಪನ ಕೈ ಜೇಬಿಗೆ ಹೋಯಿತು. ಅಲ್ಲೇನೂ ಇರಲಿಲ್ಲ.

ಆ ಜೀಪು ಹತ್ತಿದವನು ಬೇಗ ಇಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಳಿದರೂ, ಆಳು ಕೊಂದ ಫಿಟ್ಟರಿಗೆ ಯಾವ ಮಿಲ್ಲಿನವನು ಕೆಲಸ ಕೊಡುತ್ತಾನೆ?

* * *

"ಹೆಂಗೆ ಕೂರ್ಸಿದೆ? ನಿಜ ಹೇಳು."

ಜುಂಜಣ್ಣ ಹರಿದ ತೋಳನ್ನು ಹೆಗಲಿಗೆ ಎಳೆದುಕೊಳ್ಳುತ್ತಿದ್ದ. ಕೆಲಸದ ಮಾತು ಬಂದ ಮೇಲೆ ಅದನ್ನು ಬಿಟ್ಟ.

"ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಒಂದೇ ಅಂತರ ನೋಡಿ ಬಿಗಿದೆ ಸಾರ್. ಅದು ಬ್ಲೇಡಿಗೆ ಸರಿಸಮ ಇರ್ಬೇಕು. ಆ ಕಡೆ ತುದೀಲಿ ಕೂದಲೆಳೆಯಷ್ಟು ಅಗಲ ಆದ್ರೆ ನಡೀತೈತೆ. ಕಿರಿದು ಮಾತ್ರ ಆಗಬಾರ್ದು."

"ಆದ್ರೆ?"

"ಮರ ಒಳಗೆ ಹೋಗಿ ಸಿಕ್ಕಾಕ್ಕಂತೈತೆ. ಬ್ಲೇಡಿನ ಹಿಂದಿನ ಹಲ್ಲು ಮೇಲಕ್ಕೆ ಏಳ್ತಿರ್ತಾವಲ್ಲ, ಅವು ಎತ್ತಿ ನಮ್ಮ ಕಡೀಕೆ ಎಸೀತಾವೆ. ಅದುಕ್ಕೇ ಬ್ಲೇಡಿನ ನೇರಕ್ಕೆ ನಿಲ್ಲಬ್ಯಾಡಿ, ಪಕ್ಕಕ್ಕೆ ನಿಲ್ರಿ, ಕೊನೇಲಿ ಕೈ ಬ್ಯಾಡ, ಕೋಲಲ್ಲಿ ತಳ್ರಿ ಅಂತ ಮೇಸ್ತ್ರಿಗೆ ಹೇಳಕ್ಕೆ ಹೋದೆ. ಅವನೇ ನಂಗೆ ಪಾಠ ಮಾಡಿದ."

"ಬಿಗಿದ ಸ್ಪ್ಯಾನರ್ ಎಲ್ಲಿ?"

"ಅವನ ಕೈಗೇ ಕೊಟ್ಟಿದ್ದೆ. ಪೂಜೇಗೆ ಇಡ್ತೀನಿ, ನಾಳೆ ಬಸ್ಸಿಗೆ ಮುಂಚೆ ಇಸ್ಕಾ ಅಂದ. ಬೆಳಿಗ್ಗೆ ಬಂದ್ರೆ ಬಾಗಿಲು ಒಳಗಿಂದ ಹಾಕಿತ್ತು. ಪೂಜೆ ಮಾಡ್ತಾವ್ನೆ ಅಂತ ಟೀ ಕುಡಿಯಕ್ಕೆ ಹೋದೆ. ಬಸ್ಸಿನ ಹೊತ್ತಾದ್ರೂ ತೆಗೀಲಿಲ್ಲ, ಆಮೇಲೆ ತಗಂಡ್ರಾತು ಅಂತ ಹೊಂಟೆ."

ಮಿಲ್ಲಿನಲ್ಲೆಲ್ಲ ಹುಡುಕಿದರು. ತೆಂಗಿನಕಾಯಿ ಹೋಳಿತ್ತು, ಊದುಬತ್ತಿಯ ಬೂದಿಯಿತ್ತು, ವಿಭೂತಿ ಕಲಸಿದ ಬಟ್ಟಲಿತ್ತು. ಸ್ಪ್ಯಾನರ್ ಇರಲಿಲ್ಲ.

ಬಂದ ಕೂಡಲೇ ಸ್ವಿಚ್ಚು ತೆಗೆಸಿ ನಿಲ್ಲಿಸಿದ್ದ ಗರಗಸದ ಹತ್ತಿರ ಚಿತ್ರಲಿಂಗಪ್ಪ ಹೋದ. ಒಂದು ಹಲ್ಲು ನೋಡಿದ. ಮತ್ತೊಂದು ನೋಡಿದ.

"ದುರುಗಣ್ಣ, ಇದೇನು?"

"ಕುಂಕುಮ ಸಾರ್. ಒಣಗೈತೆ."

"ಹೊನ್ನೆ ಮರ ಸೀಳಿದ ಹಲ್ಲಿನ ತುದೀಲಿ ಕುಂಕುಮ ಉಳೀತೈತೇನಯ್ಯ?"

ದುರುಗಣ್ಣ ಉಳಿದ ಹಲ್ಲುಗಳನ್ನೂ ಬಗ್ಗಿ ನೋಡಿದ.

ಪೂಜೆಯಾದ ಮೇಲೆ ಆ ಗರಗಸ ಯಾವ ಮರವನ್ನೂ ಮುಟ್ಟಿರಲಿಲ್ಲ. ಕರೆಂಟು ಇಲ್ಲದಾಗ ಯಾರೋ ಸ್ವಿಚ್ಚು ಹಾಕಿ ಹೋಗಿದ್ದರು; ಕರೆಂಟು ಬಂದ ಮೇಲೆ ಸುಮ್ಮನೆ ತಿರುಗಿತ್ತು, ಅಷ್ಟೆ. ಮುದ್ದಣ್ಣನನ್ನು ಮರ ಒದ್ದಿರಲಿಲ್ಲ. ಯಾರೋ ಮರ ಎತ್ತಿ ಹೊಡೆದಿದ್ದರು.

* * *

"ಪಾಲಯ್ಯ ಅಂತ ಒಬ್ಬ ಅವನೆ," ಎಂದ ಟೀ ಅಂಗಡಿಯ ಜಂಪಣ್ಣ. "ನಿನ್ನೆ ಸಂಜೆ ಇಲ್ಲೇ ನಿಂತು ಮೇಸ್ತ್ರಿಗೆ ಬಾಯಿಗೆ ಬಂದಂಗೆ ಬೈದ. ನೀನು ಮಾತು ತಪ್ಪಿದ್ರೆ ನಿನ್ನ ಉಳ್ಸಲ್ಲ ಅಂದ. ನನ್ನ ಗ್ಲಾಸು ಬೇರೆ ಒಡೆದ."

ಪಾಲಯ್ಯ ಸಿಕ್ಕಿದ್ದು ಕೆಂಚಕ್ಕನ ಮನೆಯ ಜಗಲಿಯಲ್ಲಿ. ತುರುವನೂರು ಕಡೆಯವನು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಉಳಿದವು ಇರಲಿಲ್ಲ. ಪೊಲೀಸರನ್ನು ಕಂಡರೂ ಏಳಲಿಲ್ಲ.

"ಬೈದೆ. ಏನೀಗ?" ಎಂದ. "ಯುಗಾದಿ ಹಿಂದ್ಗಡೆ ಅದೇ ಮಿಷನ್ನು ನನ್ನ ಬೆರಳು ತಿಂತು. ಆವಾಗ ಗೈಡು ಎಲ್ಲಿತ್ತು? ಒಂದು ಮರದ ಪಟ್ಟಿ ಮೊಳೆ ಹೊಡೆದಿದ್ರು. ಅದು ಜರುಗಿ ಮರ ಒದೀತು, ಕೈ ಒಳೀಕೆ ಹೋತು. ನಾಡಿದ್ದು ದುರ್ಗದಾಗೆ ವಿಚಾರಣೆ. ಮೇಸ್ತ್ರಿ ಸಾಕ್ಷಿ ಹೇಳ್ತೀನಿ ಅಂದಿದ್ದ. ಧಣಿ ಹೊಸ ಗೈಡು ಹಾಕ್ಸಿದ್ದು ನೋಡಿ, ಇವನೂ ಅವರ ಕಡೆ ಆದ ಅಂತ ಕೂಗಾಡಿದೆ."

"ಅವನೇನಂದ?"

"ನಕ್ಕ. ಹೋಗಲೇ ಹುಚ್ಚ, ನಾನು ನೋಡಿದ್ದನ್ನೇ ಹೇಳದು ಅಂದ. ಒಡೆದ ಗ್ಲಾಸಿಗೆ ಅವನೇ ದುಡ್ಡು ಕೊಟ್ಟ."

ಪಾಲಯ್ಯನಿಗೆ ಕೊಲೆಯಿಂದ ಲಾಭವಿಲ್ಲ. ಅವನಿಗಿದ್ದ ಒಬ್ಬನೇ ಸಾಕ್ಷಿ ಸತ್ತಿದ್ದ. ಆದರೂ ಚಿತ್ರಲಿಂಗಪ್ಪ ಅವನನ್ನು ಮಿಲ್ಲಿಗೆ ಕರೆತಂದ. ಮೇಸ್ತ್ರಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಖಾಲಿ ಹಲಗೆಯೊಂದನ್ನು ಕೊಟ್ಟ.

"ಇದೇ ಗೈಡು ಅನ್ಕಾ. ಮರ ಒದೀಬೇಕು ಅಂದ್ರೆ ಹೆಂಗೆ ಇಡ್ತೀಯ?"

ಪಾಲಯ್ಯ ಯೋಚಿಸಲಿಲ್ಲ. ಉಳಿದೆರಡು ಬೆರಳಿನಿಂದಲೇ ಹಲಗೆಯ ಆಚೆ ತುದಿಯನ್ನು ಗರಗಸಕ್ಕೆ ಒತ್ತಿದ. ಜುಂಜಣ್ಣನೂ ಹಾಗೇ ಇಟ್ಟ. ಆಚೆ ತುದಿ ಕಿರಿದು.

ಮೇಜಿನ ಮೇಲಿದ್ದ ನಿಜವಾದ ಗೈಡು? ಅದರ ಈಚೆ ತುದಿ ಗರಗಸದ ಕಡೆ ವಾಲಿತ್ತು. ಆಚೆ ತುದಿ ಅಗಲವಾಗಿ ಬಾಯಿ ಬಿಟ್ಟಿತ್ತು.

"ಥೂ," ಎಂದ ಜುಂಜಣ್ಣ, ಅಂಗಿ ಹರಿದದ್ದನ್ನೂ ಮರೆತು. "ಇದರಾಗೆ ಮರ ಸಿಕ್ಕಿಕೊಳ್ಳದೇ ಇಲ್ಲ ಸಾರ್. ಒಳೀಕೆ ಹೋಗಾಕೇ ಜಾಗ ಸಾಲದು. ಹೋದ್ರೂ ಆ ಕಡೆ ಬಯಲು."

* * *

ಚಿತ್ರಲಿಂಗಪ್ಪನ ಅಪ್ಪ ಕುರಿ ಕಾದವನು. ಕುರಿ ಕಳೆದರೆ ಹೆಜ್ಜೆ ಹುಡುಕು, ಮಂದಿ ಮಾತು ಆಮೇಲೆ ಕೇಳು ಎನ್ನುತ್ತಿದ್ದ. ಮಗ ಮೇಜಿನ ಮೇಲೆ ಬಗ್ಗಿದ. ಗೈಡಿನ ಬಲಗಡೆ ಮರದ ಹೊಟ್ಟು ದಪ್ಪಗೆ ಚೆಲ್ಲಿತ್ತು. ಏನೂ ಸೀಳದ ದಿನ ಹೊಟ್ಟು ಎಲ್ಲಿಂದ ಬಂತು?

ಊದಿದ. ಹೊಟ್ಟು ಹಾರಿತು. ಕೆಳಗೆ ಬಿಳಿಯ ಗೆರೆಗಳು.

ವಿಭೂತಿ. ಮುದ್ದಣ್ಣ ಹೊಸ ಗೈಡಿನ ಎರಡೂ ತುದಿಯಲ್ಲಿ ಮೂರು ಮೂರು ಪಟ್ಟೆ ಬಳಿದಿದ್ದ. ಪಟ್ಟಿಯ ಮೇಲಿಂದ ಇಳಿದು ಮೇಜಿನ ಮೇಲೂ ಬರುವಂತೆ ಒಂದೇ ಎಳೆತದಲ್ಲಿ ಎಳೆದಿದ್ದ. ಈಗ ಅವು ತುಂಡಾಗಿದ್ದವು. ಈಚೆ ತುದಿಯಲ್ಲಿ ಗೈಡಿಗೂ ಮೇಜಿನ ಪಟ್ಟೆಗೂ ನಡುವೆ ಬೋಳು ಕಬ್ಬಿಣ. ಆಚೆ ತುದಿಯಲ್ಲಿ ಮೇಜಿನ ಪಟ್ಟೆಯ ಮೇಲೆ ಗೈಡೇ ಹತ್ತಿ ಕುಳಿತಿತ್ತು.

ಆ ತುದಿಯಲ್ಲಿ ಗೈಡಿನ ಕೆಳಗೆ ಪಟ್ಟೆ ಎಲ್ಲಿಗೆ ಮುಗಿಯಿತೆಂದು ಟಾರ್ಚು ಬಿಟ್ಟು ನೋಡಿದ. ಎರಡೂ ಕಡೆ ಪಟ್ಟೆ ಮುಗಿದಲ್ಲಿಗೆ ನೆಟ್ಟಗಿನ ರೀಪು ಹಿಡಿಸಿದ. ಅದು ಗರಗಸಕ್ಕೆ ಸರಿಸಮನಾಗಿ ನಿಂತಿತು.

"ನೀನು ನೆಟ್ಟಗೇ ಕೂರಿಸಿದ್ದೆ," ಎಂದ ಜುಂಜಣ್ಣನಿಗೆ.

"ನಾನು ಹೇಳಿದ್ನಲ್ಲ ಸಾರ್."

"ಹೇಳಿದ್ದು ನೀನು. ಈಗ ಅದು ಹೇಳ್ತೈತೆ."

ಪೂಜೆಯಾದ ಮೇಲೆ ಯಾರೋ ಗೈಡು ಸಡಿಲಿಸಿ ಸೊಟ್ಟ ಮಾಡಿ, ಪಟ್ಟೆ ಕಾಣದಂತೆ ಹೊಟ್ಟು ಚೆಲ್ಲಿದ್ದರು. ಮರ ಒದೆಯುತ್ತದೆ ಎಂದು ಬಲ್ಲವರು. ಹೇಗೆ ಎಂದು ಕೈಯಾರೆ ಮಾಡಿ ತಿಳಿಯದವರು.

ಚಿತ್ರಲಿಂಗಪ್ಪ ಅತ್ತ ಇತ್ತ ನಡೆದ. ಮತ್ತೆ ಆ ತುದಿಯ ಕುರ್ಚಿಯ ಬಳಿ ಬಂದ. ಕುಳಿತ. ಈ ಸಲ ಏಳಲಿಲ್ಲ.

* * *

ಸರ್ಕಲ್ ಸಾಹೇಬರ ಜೀಪು ಬಂದಾಗ ಬಾಗಿಲ ತುಂಬ ಜನ. ಚಿತ್ರಲಿಂಗಪ್ಪ ಶಿವಕುಮಾರಪ್ಪನಿಗೆ ಕುರ್ಚಿ ತೋರಿಸಿದ.

"ಕುಂತ್ಕಳ್ರಿ. ನಿಮ್ಮ ಜಾಗ. ಗೈಡು ಹೆಂಗಾದ್ರೆ ಮರ ಒದೀತೈತೆ, ಸಾಹೇಬ್ರಿಗೆ ತೋರ್ಸಿಬಿಡ್ರಿ. ಫಿಟ್ಟರನ್ನ ಕರ್ಕೊಂಡು ಹೋಗ್ಲಿ."

ಶಿವಕುಮಾರಪ್ಪ ಉತ್ಸಾಹದಿಂದಲೇ ಮೇಜಿನ ಮೇಲೆ ಒಂದು ಪೆನ್ಸಿಲು, ಒಂದು ಅಡಿಪಟ್ಟಿ ಇಟ್ಟ. "ಇದು ಬ್ಲೇಡು. ಇದು ಗೈಡು. ಹಿಂಗೆ ಈ ತುದಿ ಕಿರಿದಾದ್ರೆ ಮುಗೀತು." ತನ್ನ ಹೊಟ್ಟೆಯ ಕಡೆಯ ತುದಿಯನ್ನು ಒತ್ತಿದ.

"ಸರಿಯಾಗೈತೆ. ಈಗ ಮೇಸ್ತ್ರಿ ನಿಲ್ಲೋ ಕಡೆ ಬನ್ರಿ. ಈ ಹಲಗೇನ ಗೈಡು ಅಂತ ಇಟ್ಟು ತೋರಿಸ್ರಿ."

ಶಿವಕುಮಾರಪ್ಪ ಸುತ್ತಿ ಬಂದ. ಹಲಗೆ ಇಟ್ಟ. ತನ್ನ ಹೊಟ್ಟೆಯ ಕಡೆಯ ತುದಿಯನ್ನು ಗರಗಸಕ್ಕೆ ಒತ್ತಿದ.

ಹಲಗೆ, ಪಕ್ಕದಲ್ಲಿದ್ದ ಗೈಡು, ಎರಡೂ ಒಂದೇ ಕಡೆ ವಾಲಿ ನಿಂತವು.

ಜನರ ನಡುವೆ ಪಾಲಯ್ಯ ಸಣ್ಣಗೆ ನಕ್ಕ. ಆ ನಗು ಕೇಳಿ ಶಿವಕುಮಾರಪ್ಪನ ಕೈ ನಿಂತಿತು.

"ವರ್ಷಾನುಗಟ್ಲೆ ಆ ಕುರ್ಚೀಲಿ ಕುಂತು ನೋಡಿದ್ರಿ," ಎಂದ ಚಿತ್ರಲಿಂಗಪ್ಪ. "ಅಲ್ಲಿಂದ ನಿಮಗೆ ಹತ್ತಿರದ ತುದಿ ಕಿರಿದಾದ್ರೆ ಮರ ಒದೀತಿತ್ತು. ನಿಜ. ಅದೇ ಚಿತ್ರ ತಲೇಲಿ ಕುಂತೈತೆ. ಇವತ್ತು ಬೆಳಿಗ್ಗೆ ಮೊದಲನೇ ಸಲ ಈ ಕಡೆ ನಿಂತು ಗೈಡು ಮುಟ್ಟಿದ್ರಿ. ಇಲ್ಲೂ ನಿಮ್ಮ ಹತ್ತಿರದ ತುದೀನೇ ಒತ್ತಿದ್ರಿ. ಈ ಕಡೆ ನಿಂತು ಮರ ತಳ್ಳಿದೋರು ಯಾರೂ ಈ ತಪ್ಪು ಮಾಡಲ್ಲ. ಬೆರಳು ಹೋದೋನೂ ಮಾಡಲಿಲ್ಲ."

"ಅದೊಂದುಕ್ಕೆ..."

"ಅದೊಂದೇ ಅಲ್ಲ. ಮಿಲ್ಲಿನಾಗೆ ನಾವು ಹುಡುಕದೇ ಉಳಿದದ್ದು ಒಂದೇ. ದುರುಗಣ್ಣ, ಬೀಗ ಹಾಕಿರೋ ಅವರ ಗಲ್ಲಾಪೆಟ್ಟಿಗೆ ತೆಗಿ."

ಬೀಗದ ಕೈ ಮಾಲೀಕನ ಉಡಿದಾರದಲ್ಲಿತ್ತು. ಪೆಟ್ಟಿಗೆಯ ತಳದಲ್ಲಿ ಸ್ಪ್ಯಾನರ್ ಸಿಕ್ಕಿತು. ಹಿಡಿಯ ಮೇಲೆ ಮುದ್ದಣ್ಣ ಇಟ್ಟ ಕುಂಕುಮ. ಅದರ ಮೇಲೆ ಮರದ ಹೊಟ್ಟು ಅಂಟಿತ್ತು.

"ಎಲ್ಲಾದ್ರೂ ಬಾವಿಗೆ ಎಸೀಬಾರ್ದಿತ್ತೇನ್ರಿ?" ಎಂದ ದುರುಗಣ್ಣ, ನಿಜವಾಗಿಯೂ ಬೇಸರಗೊಂಡವನಂತೆ.

ಶಿವಕುಮಾರಪ್ಪ ಯಾರ ಮುಖವನ್ನೂ ನೋಡಲಿಲ್ಲ. "ಕತ್ತಲಾಗ್ಲಿ ಅಂತ ಇಟ್ಟಿದ್ದೆ. ಕೆಂಚಕ್ಕ ಅಷ್ಟು ಬೇಗ ಬರ್ತಾಳೆ ಅನ್ಕಂಡಿರ್ಲಿಲ್ಲ," ಎಂದ. ಕೈಯಲ್ಲಿದ್ದ ಹಲಗೆ ಬಿಟ್ಟ. "ಮೇಸ್ತ್ರೀನ ಒಂದೇ ಮಾತು ಕೇಳಿದೆ ಸಾರ್. ಪಾಲಯ್ಯನ ಬೆರಳು ಹೋದಾಗ್ಲೇ ಈ ಗೈಡು ಇತ್ತು ಅನ್ನು ಅಂದೆ. ಮಿಲ್ಲು ಮುಚ್ಚಿಸ್ತಾರೆ, ನಂಗೆ ಜೈಲು ಐತೆ ಅಂದೆ. ವಿಭೂತಿ ಬಳೀತಾ ಇದ್ದ. ತಿರುಗೀನೂ ನೋಡಲಿಲ್ಲ. ಪೂಜೆ ಮಾಡೋ ಕೈಲಿ ಸುಳ್ಳು ಹೇಳ್ಸಬ್ಯಾಡ ಧಣಿ ಅಂದ. ರೀಪು ಕೈಗೆ ಸಿಕ್ತು."

ಸರ್ಕಲ್ ಸಾಹೇಬರು ಬರೆಯುತ್ತಿದ್ದವರು ಹಾಳೆ ಹರಿದು, ಹೊಸ ಹಾಳೆ ತೆಗೆದರು.

* * *

ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಶಿವಕುಮಾರಪ್ಪ. ಮಧ್ಯಾಹ್ನ ಜುಂಜಣ್ಣನನ್ನು ಎಳೆದು ತಂದವರೇ ಈಗ ಅವನಿಗೆ ಟೀ ಕುಡಿಸುವ ಗಡಿಬಿಡಿಯಲ್ಲಿದ್ದರು. ಅವನು ಗ್ಲಾಸು ಮುಟ್ಟಲಿಲ್ಲ.

"ಅಂಗಿ ಹರಿದೋನು ಯಾರು? ಅವನ ಹತ್ರ ಒಂದು ಅಂಗಿ ಕೊಡಿಸ್ರಿ," ಎಂದ. ಗುಂಪು ತೆಳ್ಳಗಾಯಿತು.

ಕೆಂಚಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ಒಳಗೆ ಬಂದು ಗೈಡಿನ ಸೊಟ್ಟವನ್ನು ನೋಡಿದಳು. ಆಮೇಲೆ ಪಾಲಯ್ಯನ ಕಡೆ ತಿರುಗಿದಳು.

"ನಾಡಿದ್ದು ಎಷ್ಟೊತ್ತಿಗೆ ಬಸ್ಸು?"

"ಯಾಕಕ್ಕ?"

"ನಿನ್ನ ಬೆರಳು ಹೋದ ದಿನ ಊಟ ತಂದೋಳು ನಾನು. ಮೊಳೆ ಕಿತ್ತುಹೋದ ಮರದ ಪಟ್ಟೀನ ನಾನೇ ಒಲೇಗೆ ಹಾಕಕ್ಕೆ ಮನೀಗೆ ಒಯ್ದೆ. ಇನ್ನೂ ಹಾಕಿಲ್ಲ. ತರ್ತೀನಿ."

ಪಾಲಯ್ಯ ಎರಡು ಬೆರಳಿನ ಕೈಯಿಂದ ಮುಖ ಒರೆಸಿಕೊಂಡ.

ಜುಂಜಣ್ಣ ಚಿತ್ರಲಿಂಗಪ್ಪನ ಹತ್ತಿರ ಬಂದ. ಕೃತಜ್ಞತೆಯ ಮಾತು ಬರುತ್ತದೆಂದು ಸಾಹೇಬ ಮುಜುಗರದಿಂದ ಜೇಬಿಗೆ ಕೈ ಹಾಕಿದ.

"ಸಾರ್, ಆ ಸ್ಪ್ಯಾನರ್ ನಂದು. ಯಾವಾಗ ಕೊಡ್ತೀರಿ?"

"ಕೇಸು ಮುಗಿದ ಮೇಲೆ."

"ಅಂದ್ರೆ ಹೊಸಾದು ತಗಳಾದೇ," ಎಂದ ಜುಂಜಣ್ಣ. ಹೊರಟವನು ಮತ್ತೆ ತಿರುಗಿದ. "ಗೈಡು ನೆಟ್ಟಗೆ ಮಾಡಿ ಹೋಗ್ಲಾ ಸಾರ್? ಹಿಂಗೆ ಬಿಟ್ಟು ಹೋಗಾಕೆ ಮನಸ್ಸು ಬರವಲ್ದು."

"ಮುಟ್ಟಬೇಡ. ಅದೂ ಸಾಕ್ಷಿ."

ಜುಂಜಣ್ಣ ಸೊಟ್ಟ ಗೈಡನ್ನು ಇನ್ನೊಮ್ಮೆ ನೋಡಿದ. ಹೊರಗೆ ಹಿರಿಯೂರು ಬಸ್ಸು ಹಾರ್ನ್ ಹೊಡೆಯಿತು. ಅವನು ಓಡಿದ. ಹರಿದ ತೋಳು ಅವನ ಹಿಂದೆಯೇ ಓಡಿತು.