ಗರಿ ಕಟ್ಟಿದ ಮೇಲೆ ಸಾರಬೇಕು

ನಾನು ಮೊದಲ ಸಲ ನೋಡಿದಾಗ ಮಿನಾ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ತಪ್ಪು ಅವಳದ್ದಲ್ಲ. ನಾನು ನಮ್ಮ ದ್ವೀಪದ ಊರಿಗೆ ಡಂಗುರ ಸಾರುವವನು. ಅಪ್ಪನಿಂದ ಬಂದ ಕೆಲಸ. ಸಂಜೆಯಾದರೆ ಶಂಖ ಊದಿ, ಮೂಲೆ ಮೂಲೆಯಲ್ಲಿ ನಿಂತು, ನಾಳೆ ಚರ್ಚಿನ ಛಾವಣಿ ಕೆಲಸಕ್ಕೆ ಯಾರು ಬರಬೇಕು, ಯಾರ ಹಂದಿ ಯಾರ ಗೆಣಸು ತಿಂದಿತು ಎಂದೆಲ್ಲ ಕೂಗಬೇಕು. ಅವತ್ತು ನಾನು ನಿಂತ ಮೂಲೆಯಲ್ಲೇ, ಊರ ಯಜಮಾನರ ಜಗುಲಿಯ ಮೇಲೆ, ಆಗತಾನೇ ದೋಣಿ ಇಳಿದ ಈ ಹುಡುಗಿ ಕೂತಿದ್ದಳು.

"ನಿಮ್ಮೂರಲ್ಲಿ ಲೌಡ್‌ಸ್ಪೀಕರ್ ಇಲ್ವಾ?" ಎಂದಳು.

"ಇದೆಯಲ್ಲ. ನಿಮ್ಮೆದುರಿಗೇ ನಿಂತಿದೆ."

ನಗು ತಡೆಯಲು ತುಟಿ ಕಚ್ಚಿಕೊಂಡಳು. ಕೆನ್ನೆಯ ಗುಳಿ ಮಾತ್ರ ಅವಳ ಮಾತು ಕೇಳಲಿಲ್ಲ. ಅಯ್ಯೋ, ಆ ಗುಳಿ! ನನಗೆ ಮುಂದಿನ ಸುದ್ದಿಯೇ ಮರೆತುಹೋಯಿತು. ಹಂದಿಯ ವಿಚಾರ ಅರ್ಧಕ್ಕೇ ನಿಂತು ಊರಲ್ಲಿ ದೊಡ್ಡ ಜಗಳವಾಯಿತು.

ಪೂರ್ತಿ ಹೆಸರು ಯಾಕೊಮಿನಾ. ಅಂಬೋನ್ ಪೇಟೆಯ ಕಾಲೇಜಿನವಳು. ಕಡಲನ್ನೂ ಕಡಲು ನಂಬಿದವರನ್ನೂ ಉಳಿಸಲು ದುಡಿಯುವ ಒಂದು ಸಂಸ್ಥೆಗೆ ಇಂಟರ್ನ್‌ಶಿಪ್‌ಗೆಂದು ಸೇರಿದ್ದಳು. ನಮ್ಮ ಸಾಸಿಯ ಬಗ್ಗೆ ಸಣ್ಣ ವಿಡಿಯೋ ಮಾಡಿ ಹೊರಗಿನವರಿಗೆ ತಿಳಿಸುವುದು ಅವಳ ಕೆಲಸ. ಸಾಸಿ ಎಂದರೆ ಕಡಲಿಗೆ ಬೀಗ. ಪ್ರಾರ್ಥನೆ ಮಾಡಿ ದಡದ ಕಂಬಕ್ಕೆ ತೆಂಗಿನ ಎಳೆಗರಿ ಕಟ್ಟಿದರೆ ಮುಗಿಯಿತು, ಚಿಪ್ಪುಗಳು ಬಲಿತು ಹಿರಿಯರು ಆ ಗರಿ ಬಿಚ್ಚುವವರೆಗೆ ಅಲ್ಲಿ ಯಾರೂ ಮುಳುಗಿ ಏನನ್ನೂ ತೆಗೆಯುವಂತಿಲ್ಲ.

"ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನವ್ರು," ಎಂದಳು ಮಿನಾ. "ನಿಮ್ಗೆ ಕ್ಯಾಮೆರಾ ಬೇಕಿಲ್ಲ, ಅಷ್ಟೇ."

ಕೆಲವೇ ದಿನಗಳಲ್ಲಿ ಎಡವಟ್ಟಾಯಿತು. ಕಂಬದ ಗರಿ ಒಣಗಿ ಕಂದಾಗಿತ್ತು. ವಿಡಿಯೋದಲ್ಲಿ ಚೆಂದ ಕಾಣಲಿ ಎಂದು ಮಿನಾ ಅದನ್ನು ಬಿಚ್ಚಿಹಾಕಿ, ಹಸಿರು ಗರಿ ತರಲು ತೋಟಕ್ಕೆ ಹೋದಳು. ತಂದು ಕಟ್ಟುವಷ್ಟರಲ್ಲಿ, ಬೋಳು ಕಂಬ ಕಂಡ ಅರ್ಧ ಊರು ನೀರಿಗೆ ಹಾರಿತ್ತು. "ಸಾಸಿ ತೆರೆದಿದೆ, ಮೆಲ್ಕಿ ಸಾರೋದು ಮರ್ತಿರ್ಬೇಕು. ಅವನ ತಲೆ ಈಚೆಗೆ ಎಲ್ಲಿದೆ ಅಂತ ಗೊತ್ತಲ್ಲ!" ಎಂದು ಮಾತಾಡಿಕೊಂಡರಂತೆ. ನನ್ನ ಮಾನ ಹೋಯಿತು.

ಕಡಲು ಕಾಯುವವರ ಹಿರಿಯ, ಊರೆಲ್ಲ ಓಪಾ ಅಂದರೆ ಅಜ್ಜ ಎಂದು ಕರೆಯುವ ಬರ್ನಾದುಸ್, ಅವಳನ್ನು ಕರೆಸಿದರು.

"ಹೊಸಾ ಗರಿ ಕಟ್ಟಿದೀನಿ ಓಪಾ..."

"ಕಟ್ಟಿದ್ದೀಯ ಮಗಳೇ. ಸಾರಿದ್ದು ಯಾರು? ಸಾರದೆ ಕಟ್ಟಿದ ಗರಿ ಬರೀ ತೆಂಗಿನ ಗರಿ. ಕಡ್ಡಿ ಸೀಳಿ ಪೊರಕೆ ಮಾಡ್ಕೋಬಹುದು."

ಮತ್ತೆ ಪ್ರಾರ್ಥನೆ, ಮತ್ತೆ ಗರಿ. ಶಿಕ್ಷೆ ಏನೆಂದರೆ, ಸಾಸಿ ತೆರೆಯುವವರೆಗೆ ದಿನಾ ಸಂಜೆ ಮಿನಾ ನನ್ನ ಜೊತೆ ಊರು ಸುತ್ತಿ ಡಂಗುರ ಸಾರಬೇಕು. ಓಪಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮುದುಕನಿಗೆ ಎಲ್ಲ ಗೊತ್ತಿತ್ತು.

ಮೊದಲ ಸಂಜೆ ಅವಳ ದನಿ ಬೆಕ್ಕಿನ ಮರಿಯಂತೆ ಹೊರಟಿತು. ಕಿಟಕಿ ಕಿಟಕಿಯಿಂದ ಅಜ್ಜಿಯರು ಇಣುಕಿ, "ಕೇಳಿಸ್ಲಿಲ್ಲ!" ಎಂದರು.

"ಗಂಟಲಿಂದಲ್ಲ, ಹೊಟ್ಟೆಯಿಂದ ಕೂಗಿ," ಎಂದೆ.

"ಹೊಟ್ಟೇಲಿ ನಿಮ್ಮಮ್ಮ ಕೊಟ್ಟ ಸಾಬಕ್ಕಿ ಅಂಬಲಿ ಬಿಟ್ರೆ ಏನೂ ಇಲ್ಲ ರೀ!"

"ಅದನ್ನೇ ಕೂಗಿ."

ಆ ಸಂಜೆಗಳು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿವೆ. ಲವಂಗ ಒಣಹಾಕಿದ ದಾರಿ, ಮುಂದೆ ನಾನು, ಹಿಂದೆ ಮಿನಾ. ಶಂಖ ನನ್ನ ಕೈಯಿಂದ ಅವಳ ಕೈಗೆ ಹೋಗುವಾಗ ಬೆರಳು ತಾಗುತ್ತಿತ್ತು. ಇಬ್ಬರೂ ಬೇರೆಲ್ಲೋ ನೋಡುತ್ತಿದ್ದೆವು. ಒಮ್ಮೆ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗಿಟ್ಟು, ಇನ್ನೊಂದು ತನ್ನ ಕಿವಿಗಿಟ್ಟುಕೊಂಡು, ಕ್ಯಾಮೆರಾದಲ್ಲಿ ಹಿಡಿದ ನನ್ನ ಕೂಗನ್ನು ಕೇಳಿಸಿದಳು.

"ಥೂ, ಇಷ್ಟು ಒರಟಾ ನನ್ನ ದನಿ?"

"ನಂಗಿಷ್ಟ," ಎಂದಳು, ಕ್ಯಾಮೆರಾ ನೋಡುತ್ತಲೇ, ತೀರಾ ಮೆಲ್ಲಗೆ.

ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಇನ್ನೊಮ್ಮೆ ಹೇಳಿಸಿಕೊಳ್ಳುವ ಬುದ್ಧಿ ನನಗೆಲ್ಲಿತ್ತು? ಊರಿಗೆಲ್ಲ ಕೇಳುವಂತೆ ಕೂಗುವ ನನಗೆ, ಒಬ್ಬಳಿಗೆ ಕೇಳುವಷ್ಟು ಮಾತಾಡಲು ಬಾಯಿ ಬರಲಿಲ್ಲ.

ಸಾಸಿ ತೆರೆಯಿತು. ವಿಡಿಯೋ ಮುಗಿಯಿತು. ಪರೀಕ್ಷೆ ಬರೆಯಲು ಮಿನಾ ಅಂಬೋನ್‌ಗೆ ಹೊರಟಳು. ಅದಾದ ಮೇಲೆ ಜಕಾರ್ತಾದ ಕಚೇರಿಗೆ ಬಾ ಎಂದು ಸಂಸ್ಥೆ ಆಗಲೇ ಕರೆದಿತ್ತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಒಂದು ಎಳೆಗರಿ ಸೀಳಿ ನನ್ನ ಮಣಿಕಟ್ಟಿಗೇ ಕಟ್ಟಿಕೊಂಡೆ. ದೋಣಿಕಟ್ಟೆಯಲ್ಲಿ ಇಡೀ ಊರು ನೆರೆದಿತ್ತು. ಮಿನಾ ದೋಣಿ ಹತ್ತಿ ಕೂತಳು. ನಾನು ಅವಳ ಚೀಲ ಕೊಡುವಾಗ ಗರಿ ಕಂಡಿತು.

"ಏನಿದು?" ಎಂದಳು.

"ಏನಿಲ್ಲ. ಸುಮ್ನೆ."

ಅವಳ ಕಣ್ಣು ಗರಿಯಿಂದ ನನ್ನ ಮುಖಕ್ಕೆ ಬಂತು. ಅಲ್ಲೇ ನಿಂತಿತು. ಆಮೇಲೆ ಅವಳು ಹೊಟ್ಟೆಯಿಂದ ಕೂಗಿದಳು, "ಓಪಾ! ಸಾರದೆ ಕಟ್ಟಿದ ಗರೀನ ಏನಂತಾರೆ?"

"ಪೊರಕೆ!" ಎಂದರು ಓಪಾ. ಕಟ್ಟೆಯೆಲ್ಲ ಗೊಳ್ಳೆಂದು ನಕ್ಕಿತು.

ಎಂಜಿನ್ ಗುರ್ ಎಂದಿತು. ದೋಣಿ ಕಟ್ಟೆ ಬಿಟ್ಟಿತು. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ.

"ಊರವ್ರೇ, ಕೇಳ್ರಪ್ಪೋ ಕೇಳಿ!" ಎಂದೆ. "ಇವತ್ತಿಂದ ಈ ಮೆಲ್ಕಿಗೆ ಸಾಸಿ! ಬೇರೆ ಯಾರೂ ಹತ್ರ ಬರೋ ಹಾಗಿಲ್ಲ! ಈ ಗರಿ ಬಿಚ್ಚೋ ಹಕ್ಕು ಮಿನಾ ಒಬ್ಬಳದ್ದೇ!"

ಮಿನಾ ಕಿವಿಗೆ ಕೈ ಆನಿಸಿದಳು. "ಕೇಳಿಸ್ಲಿಲ್ಲ!"

"ನಮ್ಗೂ ಕೇಳಿಸ್ಲಿಲ್ಲ!" ಎಂದರು ಹಾಳು ಅಜ್ಜಿಯರು.

ಮತ್ತೆ ಕೂಗಿದೆ. ಈ ಸಲ ಗರಿ, ಸಾಸಿ ಎಲ್ಲ ಬಿಟ್ಟೆ. "ನಂಗೆ ನಿನ್ನ ಬಿಟ್ಟಿರೋಕೆ ಆಗಲ್ಲ ಮಿನಾ!" ಎಂದು ಕಡಲಿಗೆಲ್ಲ ಕೇಳುವಂತೆ ಕೂಗಿದೆ. ದನಿ ಒಡೆಯಿತು, ಕಣ್ಣು ಒದ್ದೆಯಾಯಿತು.

ದೋಣಿ ಬಂಡೆ ದಾಟುತ್ತಿತ್ತು. ಎಂಜಿನ್ ಸದ್ದನ್ನೂ ಮೀರಿ ಅವಳ ದನಿ ಸ್ಪಷ್ಟವಾಗಿ ಬಂತು. "ಆ ಗರಿ ಒಣಗಿದ್ರೂ ಬದಲಾಯಿಸ್ಬೇಡ! ನಾನೇ ಬಂದು ಬಿಚ್ತೀನಿ!"

ಒಣಗಿತು. ಪುಡಿಯಾಗತೊಡಗಿತು. ಸ್ನಾನ ಮಾಡುವಾಗಲೂ ಕೈ ಮೇಲೆತ್ತಿಕೊಂಡೇ ಇದ್ದೆ. ಊರು ನಕ್ಕಿತು, ಅಮ್ಮ ಬೈದಳು. ಜಕಾರ್ತಾ ಬೇಡವೆಂದು, ಸಂಸ್ಥೆಯ ಅಂಬೋನ್ ಕಚೇರಿಯಲ್ಲೇ ಕೆಲಸ ಕೇಳಿ ಪಡೆದು ಅವಳು ಬಂದಿಳಿದ ದಿನ, ಉಳಿದಿದ್ದ ಎರಡೇ ಎಳೆಯನ್ನು ಓಪಾ ಎದುರಿಗೆ ಬಿಚ್ಚಿದಳು.

ಈಗ ವಯಸ್ಸಾಗಿ ನನ್ನ ಗಂಟಲು ಹೋಗಿದೆ. ಡಂಗುರಕ್ಕೆ ಬೇರೆಯವರು ಬಂದಿದ್ದಾರೆ. ಸಂಜೆ ಜಗುಲಿಯಲ್ಲಿ ಕೂತಾಗ ಅವಳೊಬ್ಬಳಿಗೆ ಕೇಳುವಷ್ಟೇ ಮೆಲ್ಲಗೆ, "ನಂಗೆ ನಿನ್ನ ಬಿಟ್ಟಿರೋಕೆ ಆಗಲ್ಲ," ಎನ್ನುತ್ತೇನೆ.

"ಕೇಳಿಸ್ಲಿಲ್ಲ," ಎನ್ನುತ್ತಾಳೆ.

ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಇನ್ನೊಮ್ಮೆ ಹೇಳುತ್ತೇನೆ.